ಸವೆದ ಬೆರಳಿನ ಪ್ರಶ್ನೆ

ಯಂತ್ರಕ್ಕೆ ಜಾತಿ ಇಲ್ಲ ಅಂತಾರೆ. ಸರಿ, ಅದನ್ನು ರೂಪಿಸಿದವನ ಕಣ್ಣ ಮುಂದೆ ಯಾರ ಕೈ ಇತ್ತು? ಆಧಾರ್ ವ್ಯವಸ್ಥೆ ಬೆರಳಿನ ಗೆರೆ ಓದಿ ರೇಷನ್ನಿಗೆ ಒಪ್ಪಿಗೆ ಕೊಡುತ್ತದೆ. ಕಲ್ಲು ಒಡೆದು, ಗಾರೆ ಕಲಸಿ ಬಾಳಿದ ನಮ್ಮವ್ವಂದಿರ ಬೆರಳಲ್ಲಿ ಆ ಗೆರೆಗಳೇ ಸವೆದಿವೆ. ಪೆನ್ನು ಹಿಡಿದ ಕೈ ಪಾಸು, ದುಡಿದ ಕೈ ಫೇಲು!

ಬೆರಳು ಹೊಂದದಿದ್ದರೂ ರೇಷನ್ ನಿಲ್ಲಿಸಬಾರದು ಎಂದು 2017ರಲ್ಲಿ ಕೇಂದ್ರ ಸರ್ಕಾರವೇ ಆದೇಶಿಸಿತು. ಫೋನಿನ ಓಟಿಪಿ, ರಿಜಿಸ್ಟರಿನಲ್ಲಿ ಬರೆದು ಕೊಡುವುದು ಎಂಬ ದಾರಿಗಳೂ ಇವೆ. ಆದರೆ ಫೋನಿಲ್ಲದ ಮುದುಕಿಗೆ ರಿಜಿಸ್ಟರು ತೆರೆಯೋನು ಅಂಗಡಿಯವನು. ಹಕ್ಕು ಮತ್ತೆ ದಯೆಯಾಯಿತು. ಬಾಗಿಲ ಹೊರಗೆ ನಿಂತು ಬೇಡುವುದು ನಮಗೆ ಹೊಸದಲ್ಲ, ಗೆಳೆಯರೇ. ಸವೆದ ಬೆರಳನ್ನೇ ಮೊದಲ ಅಳತೆಯಾಗಿಟ್ಟು ಯಂತ್ರ ಕಟ್ಟಿ ಅಂತ ನಾವು ಕೇಳಬೇಕು.