ಕೋಣ, ಕೊರಗ ಮತ್ತು ಕರುಣೆಯ ಕಾನೂನು

ಕಾನೂನನ್ನು ಕೃತಿಯ ಹಾಗೆ ಓದುವ ಅಭ್ಯಾಸ ನಮ್ಮ ಕನ್ನಡ ವಿಮರ್ಶೆಗೆ ಇಲ್ಲ. ಕಾವ್ಯಕ್ಕೆ ಧ್ವನಿ ಉಂಟು, ಕಾನೂನಿಗೆ ಬರೀ ಅರ್ಥ ಉಂಟು ಎಂದು ಮೇಷ್ಟ್ರುಗಳು ನಂಬಿಸಿಬಿಟ್ಟಿದ್ದಾರೆ. ಕೇರಿಯವರಿಗೆ ಇದು ಮೊದಲಿನಿಂದಲೂ ಸುಳ್ಳು. ಪೊಲೀಸಿನವನು ಓದಿ ಹೇಳುವ ಕಲಮಿನ ಹಿಂದೆ ಏನಿದೆ, ಯಾರಿದ್ದಾರೆ ಎಂದು ಊಹಿಸಿಕೊಂಡೇ ಬದುಕಿದವರು ಅವರು. ಧ್ವನಿ ಅನ್ನೋದು ಅದಲ್ಲದೆ ಇನ್ನೇನು?

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು ಸರ್ಕಾರಗಳು ಬಿಗಿಯಾದ ಕಾನೂನು ತರಬೇಕೆಂದು ಒತ್ತಾಯಿಸುವ ಚಳವಳಿಯೊಂದು ನಮ್ಮ ನಗರಗಳಲ್ಲಿ ಬಹಳ ದಿನದಿಂದ ನಡೆದಿದೆ. ಅದರ ವಾದ ನಿಂತಿರುವುದು ಒಂದು ಮೊತ್ತದ ಮೇಲೆ: ಐವತ್ತು ರೂಪಾಯಿ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನಂತೆ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಇದು ಹಾಸ್ಯಾಸ್ಪದ ಎನ್ನುವುದರಲ್ಲಿ ಎರಡು ಮಾತಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಶಿಕ್ಷೆ ಹೆಚ್ಚಿಸುವ ಒಂದು ಕರಡನ್ನೂ ಜನರ ಮುಂದಿಟ್ಟಿತು.

ಚಳವಳಿಯನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. ಮೂಕಪ್ರಾಣಿಯ ನೋವು ನೋವಲ್ಲ ಅನ್ನುವಷ್ಟು ಕಲ್ಲಾದವರು ದಲಿತರಲ್ಲ; ದನ, ಮೇಕೆ, ಕೋಳಿಗಳ ಜೊತೆ ಒಂದೇ ಸೂರಿನಡಿ ಮಲಗಿದವರು. ದೇವನೂರರ ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಪಡುವ ಪಾಡನ್ನು ನೆನಪಿಸಿಕೊಂಡರೆ ಸಾಕು. ಆ ಹುಂಜ ಅವಳಿಗೆ ಮನೆಯ ಜೀವವೂ ಹೌದು, ಆಸ್ತಿಯೂ ಹೌದು, ನಾಳೆಯ ಊಟವೂ ಹೌದು. ಈ ಮೂರನ್ನೂ ಒಟ್ಟಿಗೆ ಹಿಡಿಯುವ ಭಾಷೆ ನಮ್ಮ ಸಾಹಿತ್ಯದಲ್ಲಿದೆ. ಕಾನೂನಿನಲ್ಲಿ ಇದೆಯೇ ಎನ್ನುವುದು ಪ್ರಶ್ನೆ.

11ನೇ ಕಲಮಿನ ಕ್ರಿಯಾಪದಗಳನ್ನು ನೋಡಿ. ಹೊಡೆಯುವುದು, ಒದೆಯುವುದು, ಮಿತಿ ಮೀರಿ ಓಡಿಸುವುದು, ಮಿತಿ ಮೀರಿ ಹೊರೆ ಹೇರುವುದು, ಕೈಲಾಗದ ಪ್ರಾಣಿಯನ್ನು ದುಡಿಸುವುದು. ಓದುತ್ತಾ ಹೋದರೆ ಒಬ್ಬ ಮನುಷ್ಯನ ಚಿತ್ರ ಕಣ್ಣಮುಂದೆ ಬರುತ್ತದೆ. ಅವನು ಗಾಡಿ ಹೊಡೆಯುವವನು. ಕೈಯಲ್ಲಿ ಚಾವಟಿ, ಗಾಡಿಯಲ್ಲಿ ಬೇರೆ ಯಾರದೋ ಮೂಟೆ. ಒಪ್ಪಿಗೆ ಕೊಟ್ಟ ಯಜಮಾನನೂ ತಪ್ಪಿತಸ್ಥ ಎಂದು ಕಲಮಿನಲ್ಲಿ ಬರೆದಿದೆ, ನಿಜ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಯಾರು? ಅದೇ ಕಲಮಿನ ಮೂರನೇ ಉಪಕಲಮು ಕೊಂಬು ಸುಡುವುದು, ಬೀಜ ಒಡೆಯುವುದು, ಮೂಗುದಾರ ಹಾಕುವುದು ಇವನ್ನೆಲ್ಲ ಬಿಟ್ಟುಕೊಡುತ್ತದೆ. ಪ್ರಯೋಗಶಾಲೆಗೆ ಬೇರೆ ಅಧ್ಯಾಯವೇ ಇದೆ. 28ನೇ ಕಲಮು ಧರ್ಮದ ವಿಧಿಯಂತೆ ಕೊಲ್ಲುವುದನ್ನು ಅಪರಾಧವಲ್ಲ ಅನ್ನುತ್ತದೆ. ಹಿಂಸೆಗೆ ಇಲ್ಲಿ ದರ್ಜೆಗಳಿವೆ. ಸಂಸ್ಥೆಯ ಕೈಯಲ್ಲಿ ನಡೆದರೆ ಅದು ಕೆಲಸ, ಬಡವನ ಕೈಯಲ್ಲಿ ನಡೆದರೆ ಕ್ರೌರ್ಯ.

ಈ ದೃಷ್ಟಿಗೆ ಒಂದು ಚರಿತ್ರೆಯಿದೆ. ಕಲ್ಕತ್ತೆಯಲ್ಲಿ 1861ರಲ್ಲೇ ಪ್ರಾಣಿದಯಾ ಸಂಘ ಹುಟ್ಟಿತು. 1890ರಲ್ಲಿ ಬ್ರಿಟಿಷರು ಇಡೀ ದೇಶಕ್ಕೆ ಕಾಯಿದೆ ಮಾಡಿದರು. ಬಿಸಿಲು ಹೊತ್ತಿನಲ್ಲಿ ಗಾಡಿ ಹೊಡೆಯಕೂಡದು ಎನ್ನುವ ನಿಯಮದ ವಿರುದ್ಧ 1930ರ ಏಪ್ರಿಲ್‌ನಲ್ಲಿ ಕಲ್ಕತ್ತೆಯ ಗಾಡಿಯವರು ಗಾಡಿಗಳನ್ನೇ ಬೀದಿಗೆ ಅಡ್ಡ ನಿಲ್ಲಿಸಿ ಮುಷ್ಕರ ಹೂಡಿದರು. ಪೊಲೀಸರು ಗುಂಡು ಹಾರಿಸಿದರು. ಕೋಣಕ್ಕೆ ನೆರಳು ಬೇಕು ಎನ್ನುವುದು ಸರಿಯಾದ ಮಾತೇ. ಆ ಹೊತ್ತಿನ ಕೂಲಿ ಯಾರು ತುಂಬಿಕೊಡುತ್ತಾರೆ ಎಂದು ಮಾತ್ರ ಯಾರೂ ಬರೆದಿಡಲಿಲ್ಲ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಪ್ರಾಣಿಹಿಂಸೆ ತಡೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯವಾದ್ದರಿಂದ ರಾಜ್ಯವೂ ಕಾನೂನು ತಿದ್ದಬಹುದು. ಕರ್ನಾಟಕ ತಿದ್ದಿಯೂ ಇದೆ. ಎತ್ತ ಕಡೆಗೆ ತಿದ್ದಿತು ಎನ್ನುವುದು ಸ್ವಾರಸ್ಯದ ಸಂಗತಿ.

2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಪ್ರಕರಣದಲ್ಲಿ ಪ್ರಾಣಿಗೂ ಘನತೆಯಿದೆ ಎಂದು ಹೇಳಿತು. ಆ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. 2017ರಲ್ಲಿ ನಮ್ಮ ವಿಧಾನಮಂಡಲ 1960ರ ಕಾಯಿದೆಗೆ ತಿದ್ದುಪಡಿ ತಂದು ಕಂಬಳವನ್ನು ಉಳಿಸಿಕೊಂಡಿತು. ಸಂಪ್ರದಾಯ, ಸಂಸ್ಕೃತಿ, ದೇಸಿ ತಳಿ ಎನ್ನುವ ಮಾತುಗಳು ಆಗ ಎಲ್ಲ ಪಕ್ಷದವರ ಬಾಯಲ್ಲೂ ಇದ್ದವು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಈ ಇಡೀ ಚರ್ಚೆಯಲ್ಲಿ ಇನ್ನೊಂದು ಕಾಯಿದೆಯ ಹೆಸರನ್ನು ಎಷ್ಟು ಜನ ಎತ್ತಿದರು? 2000ದ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆ. ಅಜಲು ಎಂದರೇನು ಎಂದು ಅದು ಹೇಳುವ ರೀತಿಯನ್ನು ಪ್ರತಿಯೊಬ್ಬ ಸಾಹಿತ್ಯದ ವಿದ್ಯಾರ್ಥಿಯೂ ಓದಬೇಕು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು ಅದರಲ್ಲಿದೆ. ಕಂಬಳ ಶುರುವಾಗುವ ಮುಂಚೆ ಕೊರಗರನ್ನು ಕೋಣಗಳ ಹಾಗೆ ಓಡಿಸುವುದೂ ಅದರಲ್ಲಿದೆ. ಹಿಂದಿನ ರಾತ್ರಿ ಗದ್ದೆಯ ಇಬ್ಬನಿಯಲ್ಲಿ ಕೂತು ಡೋಲು ಬಡಿಯಬೇಕಾಗಿದ್ದವರೂ ಅವರೇ. ‘ಕೋಣಗಳ ಹಾಗೆ’ ಎನ್ನುವ ಉಪಮೆಯನ್ನು ಕವಿ ಕಟ್ಟಿದ್ದಲ್ಲ, ಗೆಜೆಟ್ಟಿನಲ್ಲಿ ಅಚ್ಚಾದದ್ದು. ಕನ್ನಡ ಅಲಂಕಾರಶಾಸ್ತ್ರದ ಪಾಠದಲ್ಲಿ ಉಪಮೇಯ ಯಾವುದು, ಉಪಮಾನ ಯಾವುದು ಎಂದು ಕೇಳುತ್ತೇವಲ್ಲ, ಇಲ್ಲಿ ಕೇಳಿ ನೋಡಿ. ಕೋಣದ ಘನತೆಯ ಮೇಲೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಎರಡು ಸಲ ವಾದ ನಡೆಯಿತು. ಕೋಣದ ಹಾಗೆ ಓಡಿದವರ ಘನತೆಯ ಕಾಯಿದೆ ಕಪಾಟಿನಲ್ಲಿದೆ. ಕಂಬಳದ ಪರ ಮೆರವಣಿಗೆ ಹೋದವರೂ ವಿರೋಧವಾಗಿ ಅರ್ಜಿ ಹಾಕಿದವರೂ ಈ ಒಂದು ವಿಷಯದಲ್ಲಿ ಸಮಾನರು.

ಮೂರೇ ವರ್ಷದಲ್ಲಿ, ಸರ್ಕಾರ ಬದಲಾದ ಮೇಲೆ, ಅದೇ ವಿಧಾನಮಂಡಲದ ಮುಂದೆ ಮತ್ತೊಂದು ಮಸೂದೆ ಬಂತು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣೆ ಕಾಯಿದೆ. ಜಾರಿಗೆ ಬಂದದ್ದು 2021ರಲ್ಲಿ. 1964ರ ಹಳೆ ಕಾಯಿದೆಯಲ್ಲಿ ಹೆಚ್ಚೆಂದರೆ ಆರು ತಿಂಗಳ ಸಜೆ, ಸಾವಿರ ರೂಪಾಯಿ ದಂಡ. ಹನ್ನೆರಡು ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳಿಗೆ ವಿನಾಯಿತಿ ಇತ್ತು. ಹೊಸದರಲ್ಲಿ 3ರಿಂದ 7 ವರ್ಷ ಸಜೆ, ಒಂದೊಂದು ದನಕ್ಕೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಕಡಿಯಲು ಉಳಿದದ್ದು 13 ವರ್ಷ ದಾಟಿದ ಎಮ್ಮೆ-ಕೋಣ ಮಾತ್ರ. ಗಾಡಿ ಜಪ್ತಿಯಾಗುತ್ತದೆ. ‘ಸದ್ಭಾವನೆ’ಯಿಂದ ನಡೆದುಕೊಂಡವರಿಗೆ ರಕ್ಷಣೆಯೂ ಇದೆ. ಯಾರ ಸದ್ಭಾವನೆ ಎಂದು ಕೇಳಬೇಕಾದವರು ದನ ಮಾರಲು ಸಂತೆಗೆ ಹೊರಟ ರೈತ, ಸಾಗಿಸುವ ಸಾಬ, ಚಕ್ಕಳ ನೆಚ್ಚಿಕೊಂಡ ಮಾದಿಗ.

ಕಂಬಳದ ಕೋಣ ಇರುವುದು ಗುತ್ತಿನ ಮನೆಗಳಲ್ಲಿ, ಜಮೀನಿದ್ದವರ ಕೊಟ್ಟಿಗೆಗಳಲ್ಲಿ. ಅಲ್ಲಿ ಕಾನೂನು ಸಡಿಲವಾಯಿತು. ಮುದಿ ದನದ ಕೊನೆಯ ಬೆಲೆ ಬಡವನ ಕೈಗೆ ಬರಬೇಕಿತ್ತು. ಅಲ್ಲಿ ಕಾನೂನು ಬಿಗಿಯಾಯಿತು. ಎರಡನ್ನೂ ಮಾಡಿದ ಪಕ್ಷಗಳು ಬೇರೆ ಬೇರೆ. ಎರಡರ ಭಾಷೆಯಲ್ಲೂ ಸಂಸ್ಕೃತಿ ಎನ್ನುವ ಪದ ಒಂದೇ.

ಕಾನೂನಿನ ಭಾಷೆ ಆಕಾಶದಿಂದ ಇಳಿಯುವುದಿಲ್ಲ. 2022ರಲ್ಲಿ ಗೋಶಾಲೆಯ ದನಗಳನ್ನು ದತ್ತು ಕೊಡುವ ಯೋಜನೆಗೆ ಸರ್ಕಾರ ಇಟ್ಟ ಹೆಸರು ಪುಣ್ಯಕೋಟಿ. ನಮ್ಮ ಮಕ್ಕಳು ಕಣ್ಣೀರು ಹಾಕಿಕೊಂಡು ಕಲಿಯುವ ‘ಗೋವಿನ ಹಾಡು’ ಆಡಳಿತದ ಕಡತಕ್ಕೆ ಹೋದದ್ದು ಹೀಗೆ. ಹಾಡು ದೊಡ್ಡದೇ. ತಾಯಿಯ ಮಾತು, ಕರುವಿನ ಹಸಿವು, ಸತ್ಯದ ನಿಷ್ಠುರತೆ ಎಲ್ಲ ಅದರಲ್ಲಿದೆ. ಆದರೆ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: ‘ಸಾರ್, ಹುಲಿ ಹುಲ್ಲು ತಿನ್ನೋಕಾಗಲ್ಲವಲ್ಲ, ಅದೇನು ತಪ್ಪು ಮಾಡ್ತು?’ ಮಾಂಸ ತಿನ್ನುವ ಪ್ರಾಣಿಗೆ ಆ ಹಾಡಿನಲ್ಲಿ ಉಳಿದಿರುವ ಒಂದೇ ನೈತಿಕ ದಾರಿ ಸಾವು. ಅದೂ ಯಾರೂ ಕೊಲ್ಲದೆ, ತಾನೇ ನಾಚಿ ಸಾಯಬೇಕು. ತಿನ್ನುವ ಅನ್ನಕ್ಕೆ ನಾಚಿಕೊಳ್ಳಬೇಕೆಂದು ಹೇಳಿಸಿಕೊಂಡ ಮಕ್ಕಳ ಕಿವಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ.

ಇಷ್ಟು ಹೇಳಿ ನಮ್ಮ ಕಡೆಯವರ ಬಗ್ಗೆ ಸುಮ್ಮನಿದ್ದರೆ ವಿಮರ್ಶೆ ಆಗುವುದಿಲ್ಲ. ದನ ತಿನ್ನುವುದನ್ನೇ ಅಸ್ಮಿತೆಯ ಬಾವುಟ ಮಾಡಿಕೊಂಡು ಕೂತರೆ ಮಾರಿಹಬ್ಬದ ಕೋಣಕ್ಕೆ ಏನು ಹೇಳುತ್ತೇವೆ? ಮಾರಮ್ಮನ ಕಥೆ ಗೊತ್ತಿದ್ದದ್ದೇ. ಜಾತಿ ಮರೆಸಿ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ಹೊಲೆಯ ಕೋಣವಾದ. ಅವನನ್ನೇ ಹಬ್ಬದಲ್ಲಿ ಕಡಿಯುತ್ತಾರೆ. 1959ರ ಪ್ರಾಣಿಬಲಿ ತಡೆ ಕಾಯಿದೆ ಕೋಣದ ಕುತ್ತಿಗೆಯನ್ನು ಉಳಿಸಲು ನೋಡಿತು. ಕಥೆಯನ್ನು ಮುಟ್ಟಲಿಲ್ಲ. ಆ ಕಥೆಯನ್ನು ಮುಟ್ಟಿದ್ದು ಚಳವಳಿ. ಬಾಬಾಸಾಹೇಬರು 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಎಂದು ತಮ್ಮವರಿಗೆ ಹೇಳಿದಾಗ ಅಲ್ಲಿ ದಂಡ ಇರಲಿಲ್ಲ, ಸಜೆ ಇರಲಿಲ್ಲ, ಸ್ವಾಭಿಮಾನ ಇತ್ತು. ತಾನೇ ಬಿಡುವುದು ಬೇರೆ, ಬಿಡಿಸುವುದು ಬೇರೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಬೆತ್ತಲೆ ಮೈಗೆ ಬಾರಿಸಿದಾಗ, ಅಲ್ಲಿನ ದಲಿತರು ಸತ್ತ ದನಗಳನ್ನು ಸರ್ಕಾರಿ ಕಚೇರಿಗಳ ಮುಂದೆ ತಂದು ಹಾಕಿ ಇನ್ನು ನೀವೇ ಎತ್ತಿಕೊಳ್ಳಿ ಎಂದರು. ಗೋವಿನ ಬಗ್ಗೆ ಈ ಕಾಲದಲ್ಲಿ ಬಂದ ಅತ್ಯಂತ ತೀಕ್ಷ್ಣ ವಿಮರ್ಶೆ ನನ್ನ ಪ್ರಕಾರ ಅದು.

ಶಿಕ್ಷೆ ಹೆಚ್ಚಿಸಿದರೆ ಹಿಂಸೆ ನಿಲ್ಲುತ್ತದೆಂದು ನಂಬುವ ಗೆಳೆಯರು ಕಂಬಾಲಪಲ್ಲಿಯನ್ನು ನೆನೆಯಬೇಕು. 2000ದ ಮಾರ್ಚಿನಲ್ಲಿ ಏಳು ಜನ ದಲಿತರನ್ನು ಸುಟ್ಟರು. ಆಗ 1989ರ ದೌರ್ಜನ್ಯ ತಡೆ ಕಾಯಿದೆ ಇತ್ತು, ಅದರ ಶಿಕ್ಷೆಗಳು ಕಠಿಣವೇ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಬಿಗಿಯಾದ ಕಾನೂನು ಬಲವಿದ್ದವನ ಮನೆ ಬಾಗಿಲಲ್ಲಿ ಸಾಕ್ಷಿಗಾಗಿ ಕಾಯುತ್ತದೆ; ಬಲವಿಲ್ಲದವನ ಗಾಡಿಯನ್ನು ಅಡ್ಡಗಟ್ಟಲು ಅದಕ್ಕೆ ಸಾಕ್ಷಿ ಬೇಕಿಲ್ಲ. 2017ರ ಕೇಂದ್ರದ ನಿಯಮಗಳಂತೆ, ಕೇಸು ಮುಗಿಯುವವರೆಗೆ ಜಪ್ತಿಯಾದ ಎತ್ತು ಗೋಶಾಲೆಯಲ್ಲಿದ್ದರೆ ಅದರ ಮೇವಿನ ಖರ್ಚನ್ನೂ ಎತ್ತಿನವನ ತಲೆಗೆ ಕಟ್ಟಬಹುದು. ಐವತ್ತು ರೂಪಾಯಿ ಹೋಗಿ ಐವತ್ತು ಸಾವಿರ ಆದಾಗ ಮೊದಲು ಕಟ್ಟುವವನು ಯಾರು ಎಂದು ಲೆಕ್ಕ ಹಾಕಿಯೇ ಬೇಡಿಕೆ ಇಡಬೇಕು.

ರಾಜ್ಯದ ತಿದ್ದುಪಡಿಗೆ ಕರಡು ಬರೆಯುವ ಗೆಳೆಯರಿಗೆ ನನ್ನದೊಂದು ಕೋರಿಕೆ. ದಂಡವನ್ನು ತಪ್ಪು ಮಾಡಿದವನ ಆದಾಯಕ್ಕೆ ಕಟ್ಟಿ. ಹೊರೆ ಹೇರಿದ ಧಣಿಯನ್ನು ಗಾಡಿಯವನಿಗಿಂತ ಮುಂಚೆ ಹೆಸರಿಸಿ. ರಸ್ತೆಯಲ್ಲಿ ನಿಂತು ಗಾಡಿ ತಡೆಯುವ ಖಾಸಗಿ ದಳಗಳಿಗೆ ಸದ್ಭಾವನೆಯ ಹೆಸರಲ್ಲಿ ಒಂದಕ್ಷರವೂ ಬೇಡ. ಕೋಳಿಗಳನ್ನು ರೆಕ್ಕೆ ಬಿಚ್ಚಲಾಗದ ಪಂಜರದಲ್ಲಿ ತುಂಬುವ ಕಂಪನಿಯಿಂದ ಶುರು ಮಾಡಿ, ಸಾಕವ್ವನ ಹುಂಜದಿಂದ ಬೇಡ. ಕರಡಿನ ಮೊದಲ ಸಭೆಗೆ ಗಾಡಿಯವರನ್ನೂ ಚಕ್ಕಳದ ಕೆಲಸದವರನ್ನೂ ಕರಾವಳಿಯ ಕೊರಗರನ್ನೂ ಕರೆಯಿರಿ, ಅಜಲು ಕಾಯಿದೆಯ ಆ ಸಾಲನ್ನು ಅವರ ಮುಂದೆಯೇ ಗಟ್ಟಿಯಾಗಿ ಓದಿಸಿ.