‘ಕೆ.ಜಿ.ಎಫ್.’ ಚಲಚ್ಚಿತ್ರದಲ್ಲಿ ಲೋಭದ ಸ್ಥಾನ

ಪ್ರಶಾಂತ್ ನೀಲ್ ಅವರ ನಿರ್ದೇಶನದಲ್ಲಿ 2018ರ ಡಿಸೆಂಬರಿನಲ್ಲಿ ಹೊರಬಂದ ‘ಕೆ.ಜಿ.ಎಫ್.’ ಚಲಚ್ಚಿತ್ರದ ಮೊದಲನೆಯ ಭಾಗವನ್ನು ಅಲಂಕಾರಶಾಸ್ತ್ರದ ದೃಷ್ಟಿಯಿಂದ ಪರಾಮರ್ಶಿಸುವುದು ಈ ಲೇಖನದ ಉದ್ದೇಶವು. ಚಿನ್ನದಾಸೆಯೇ ಕಥಾಬೀಜವಾಗಿರುವ ಈ ಚಿತ್ರದಲ್ಲಿ ಪ್ರಧಾನವಾದ ರಸವಾವುದೆಂದು ಮಾರ್ಕೋನಹಳ್ಳಿಯ ಕಡೆಯ ಉಪಾಧ್ಯಾಯ ಮಿತ್ರರೊಬ್ಬರು ಕೇಳಿದರು. ವೀರವೆಂದು ಉತ್ತರ ಕೊಡುವುದು ಸುಲಭ. ಆದರೆ ಲೋಭದಿಂದ ಹೊರಟ ಕಥೆಯು ವೀರದಲ್ಲಿ ಹೇಗೆ ನಿಂತಿತೆಂಬುದು ವಿಚಾರಾರ್ಹವಾದುದು. ಚಿತ್ರದ ಗುಣವೂ ದೋಷವೂ ಆ ಸಂಧಿಯಲ್ಲಿಯೇ ಇರುವುವೆಂದು ನನ್ನ ಎಣಿಕೆ.

ಭರತನು ಹೇಳಿದ ಎಂಟು ಸ್ಥಾಯಿಗಳಲ್ಲಿ ಲೋಭವಿಲ್ಲ. ಮೂವತ್ತಮೂರು ವ್ಯಭಿಚಾರಿಗಳಲ್ಲಿಯೂ ಇಲ್ಲ. ‘ಗರ್ಧ’ವೆಂಬ ಅತ್ಯಾಸೆಯನ್ನು ಸ್ಥಾಯಿಯಾಗಿರಿಸಿ ‘ಲೌಲ್ಯ’ವೆಂಬ ರಸವನ್ನು ಕಲ್ಪಿಸುವವರ ಪಕ್ಷವನ್ನು ಅಭಿನವಗುಪ್ತನು ಎತ್ತಿಕೊಂಡು, ಅದು ಹಾಸದಲ್ಲಿಯೋ ರತಿಯಲ್ಲಿಯೋ ಬೇರೊಂದು ಭಾವದಲ್ಲಿಯೋ ಕೊನೆಗಾಣುವುದೆಂಬ ಕಾರಣದಿಂದ ನಿರಾಕರಿಸಿದ್ದಾನೆ. ನಿರಾಕರಣೆಯು ಯುಕ್ತವೇ ಸರಿ. ಶಿಂಶಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿಯ ಜಲಾಶಯವನ್ನು ನೋಡಿದವರು ಬಲ್ಲರು: ನೀರು ನಿಯತವಾದ ಮಟ್ಟವನ್ನು ಮುಟ್ಟಿದೊಡನೆ ಅಲ್ಲಿಯ ಸೈಫನ್ನುಗಳು ತಾವಾಗಿಯೇ ಹೆಚ್ಚಳವನ್ನು ಹೊರಚೆಲ್ಲುವುವು. ಶೋಕಕ್ಕೂ ಉತ್ಸಾಹಕ್ಕೂ ಹೀಗೆ ತುಂಬುವ ಮಟ್ಟವೊಂದುಂಟು. ಲೋಭಕ್ಕೆ ಅದಿಲ್ಲವಾದ್ದರಿಂದ ಸಹೃದಯನ ಚಿತ್ತವು ಅದರಲ್ಲಿ ವಿಶ್ರಮಿಸಲಾರದು.

ಚಿತ್ರಕಾರರು ಈ ಕಷ್ಟವನ್ನು ಚೆನ್ನಾಗಿ ಅರಿತಂತಿದೆ. ನಾಯಕನಾದ ರಾಕಿಯು ಐಶ್ವರ್ಯಾಧಿಕಾರಗಳನ್ನು ಬಯಸುವುದು ತನಗಾಗಿ ಅಲ್ಲ. ಸಾಯುವ ತಾಯಿಗೆ ಕೊಟ್ಟ ಮಾತಿಗಾಗಿ. ಇದರಿಂದ ಗರ್ಧವು ಮಾತೃಭಕ್ತಿಯ ಹೊದಿಕೆಯಲ್ಲಿ ಉತ್ಸಾಹವಾಗಿ ಪರಿಣಮಿಸುತ್ತದೆ. ಒಡೆಯನ ಮಗನಾದ ಗರುಡನನ್ನು ಕೊಲ್ಲಲೆಂದು ಮುಂಬಯಿಯಿಂದ ಬಂದ ಬಾಡಿಗೆಯ ಕೊಲೆಗಾರನು ನರಾಚಿಯ ಗಣಿಯಲ್ಲಿ ಕಣ್ಣಿಲ್ಲದ ವೃದ್ಧನೊಬ್ಬನನ್ನು ಉಳಿಸಲು ಕಾವಲುಗಾರರ ಮೇಲೆ ಬೀಳುವ ಸಂದರ್ಭದಲ್ಲಿ ಈ ಪರಿಣಾಮವು ಪೂರ್ಣವಾಗುವುದು. ಆ ಭಾಗದ ನಿರ್ವಹಣೆಯು ಶ್ಲಾಘ್ಯವಾದುದು. ಯಶ್ ಅವರು ಅಲ್ಲಿ ಮಾತಿಗಿಂತ ಮೌನವನ್ನು ಹೆಚ್ಚಾಗಿ ಆಶ್ರಯಿಸಿರುವುದು ಉಚಿತವಾಗಿದೆ. (ಉಳಿದೆಡೆಗಳಲ್ಲಿಯೂ ಅಷ್ಟೇ ಮಿತಿಯಿದ್ದಿದ್ದರೆ ಒಳ್ಳೆಯದಾಗುತ್ತಿತ್ತು.)

ದೋಷವು ಇರುವುದು ಕೂಟತಂತ್ರದ ನಿರ್ವಹಣೆಯಲ್ಲಿ. ಒಳಸಂಚನ್ನು ವಸ್ತುವಾಗಿಟ್ಟುಕೊಂಡ ನಾಟಕವೆಂದರೆ ನಮಗೆ ವಿಶಾಖದತ್ತನ ಮುದ್ರಾರಾಕ್ಷಸವೇ ಮಾದರಿ. ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವೆಂಬ ಗದ್ಯಗ್ರಂಥವನ್ನು ರಚಿಸಿ ಆ ಕಥೆಯನ್ನು ಕನ್ನಡಿಗರ ಮನೆಮಾತಾಗಿಸಿದನು. ಅಲ್ಲಿ ಒಂದು ಉಂಗುರ, ಆ ಉಂಗುರದಿಂದ ಮುದ್ರೆಯೊತ್ತಿದ ಒಂದು ಓಲೆ, ಇವೆರಡರಿಂದಲೇ ಶತ್ರುಪಕ್ಷವು ಒಡೆದುಹೋಗುವುದು. ಶಂಕೆ, ವಿತರ್ಕ, ಅವಹಿತ್ಥಗಳು ಅಂಕದಿಂದ ಅಂಕಕ್ಕೆ ಬೆಳೆಯುವುವು. ಮತ್ತೊಂದು ಸಂಗತಿಯುಂಟು: ಸಂಚುಗಾರನಾದ ಚಾಣಕ್ಯನು ಮುರುಕು ಗುಡಿಸಲಿನಲ್ಲಿ ವಾಸಿಸುವ ನಿರ್ಲೋಭಿ. ಕವಿಯು ಕೂಟವನ್ನು ಲೋಭದಿಂದ ಬೇರ್ಪಡಿಸಿಯೇ ಅದನ್ನು ರಸಯೋಗ್ಯವಾಗಿಸಿದ್ದಾನೆ.

‘ಕೆ.ಜಿ.ಎಫ್.’ ಚಿತ್ರಕ್ಕೂ ಇಂತಹ ಒಂದು ಮುದ್ರೆಯು ದೊರೆತಿತ್ತು. ಸೂರ್ಯವರ್ಧನನು ಸುಣ್ಣಕಲ್ಲಿನ ಗಣಿಯೆಂಬ ನೆಪದಿಂದ ನರಾಚಿಯ ಭೂಮಿಯನ್ನು ಗುತ್ತಿಗೆಗೆ ಪಡೆದು ಒಳಗೆ ಚಿನ್ನವನ್ನು ತೆಗೆಸುತ್ತಾನೆ. ಕಥೆಯ ಸಕಲ ಅನರ್ಥಗಳೂ ಹುಟ್ಟುವುದು ಈ ಗುತ್ತಿಗೆಯ ಪತ್ರದಿಂದ. ಅದನ್ನು ಕ್ಷಣಮಾತ್ರದಲ್ಲಿ ಹೇಳಿ ಮುಗಿಸಿ, ಚಿತ್ರವು ಖಡ್ಗದ ಕಡೆಗೆ ಓಡುತ್ತದೆ. ಪತ್ರವನ್ನು ಕೊಟ್ಟವರು ಯಾರು, ನೋಡಿಯೂ ನೋಡದಂತೆ ಇದ್ದವರು ಯಾರು ಎಂಬುದು ಪ್ರೇಕ್ಷಕನಿಗೆ ತಿಳಿಯುವುದೇ ಇಲ್ಲ.

ಇದು ಅಲ್ಪವಾದ ನ್ಯೂನತೆಯಲ್ಲ. ಗಣಿಯ ಲೋಭವು ನಿಜವಾಗಿ ನಡೆದುದು ಕಾಗದದ ಮೇಲೆಯೇ ಎಂಬುದನ್ನು ಕನ್ನಡ ನಾಡು ಕಂಡಿದೆ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿ 2011ರ ಜುಲೈನಲ್ಲಿ ಒಪ್ಪಿಸಿದ ವರದಿಯು, ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ ಸಂಭವಿಸಿದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಎಣಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗ ಮತ್ತು ನಮ್ಮ ತುಮಕೂರು ಜಿಲ್ಲೆಗಳ ಕಬ್ಬಿಣದದುರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಲೋಭವೆಂದರೆ ಕತ್ತಿ ಹಿಡಿದ ಕ್ರೂರನೊಬ್ಬನೆಂದು ನಂಬಿ ಮನೆಗೆ ಮರಳಿದರೆ, ಅವರಿಗೆ ಪರವಾನಗಿಯ ಚೀಟಿಯು ನಿರ್ದೋಷವಾಗಿಯೇ ತೋರುವುದು.

ಕಲ್ಪಿತ ಕಥೆಗೆ ಚರಿತ್ರೆಯ ಒರೆಗಲ್ಲೇಕೆಂದು ಪೂರ್ವಪಕ್ಷಿಗಳು ಆಕ್ಷೇಪಿಸಬಹುದು. ಕಥೆಯು ಕಲ್ಪಿತವಾದರೂ ಹೆಸರು ಕಲ್ಪಿತವಲ್ಲ. 1880ರ ದಶಕದಿಂದ 2001ರ ಫೆಬ್ರವರಿಯವರೆಗೆ ನಡೆದ ಕೋಲಾರದ ಚಿನ್ನದ ಗಣಿಯ ಹೆಸರನ್ನು ತೆಗೆದುಕೊಂಡ ಮೇಲೆ ಅದರ ಔಚಿತ್ಯವೂ ಕವಿಗೆ ಬಂದು ಸೇರುವುದು. ನೆಲದಡಿಯಲ್ಲಿ ಮೂರು ಕಿಲೋಮೀಟರುಗಳಿಗೂ ಮಿಕ್ಕ ಆಳದಲ್ಲಿ ದುಡಿದ ಆ ಜನರು, ತಮ್ಮ ಬೆರಳಚ್ಚನ್ನು ಪಡೆಯುವ ಕ್ರಮವನ್ನು ವಿರೋಧಿಸಿ 1930ರಲ್ಲಿ ತಾವೇ ಮುಷ್ಕರ ಹೂಡಿದವರು. ಅವರ ಉತ್ಸಾಹಕ್ಕೆ ಹೊರಗಿನಿಂದ ನಾಯಕನು ಬರಬೇಕಾಗಿರಲಿಲ್ಲ. ನರಾಚಿಯ ಜನರಾದರೋ ನಾಯಕನ ವೀರಕ್ಕೆ ಉದ್ದೀಪನ ಮಾತ್ರವಾಗಿ ನಿಂತಿದ್ದಾರೆ. ಅವರಲ್ಲಿ ಭಯವೂ ಸ್ತುತಿಯೂ ಇವೆ, ಸ್ವಂತವಾದ ಸಂಕಲ್ಪವಿಲ್ಲ. 2022ರ ಏಪ್ರಿಲಿನಲ್ಲಿ ಬಂದ ಎರಡನೆಯ ಭಾಗದಲ್ಲಿ ಒಡೆಯನು ಬದಲಾದ ಮೇಲೂ ಅಗೆತವು ನಿಲ್ಲುವುದಿಲ್ಲ. ಕೊನೆಗೆ ಚಿನ್ನವು ನಾಯಕನೊಡನೆ ಸಮುದ್ರದ ಪಾಲಾಗುತ್ತದೆ. ಅಭಿನವಗುಪ್ತನು ಹೇಳಿದಂತೆ ಗರ್ಧಕ್ಕೆ ತನ್ನಲ್ಲಿ ನೆಲೆಯಿಲ್ಲವೆಂಬುದನ್ನು ಚಿತ್ರಕಾರರು ಇಲ್ಲಿ ಒಪ್ಪಿಕೊಂಡಂತಾಯಿತು.

ಜೇಕಬ್ ವರ್ಗೀಸ್ ಅವರ ‘ಪೃಥ್ವಿ’ (2010) ಚಿತ್ರದಲ್ಲಿ ಪುನೀತ್ ರಾಜಕುಮಾರ್ ಅವರದು ಬಳ್ಳಾರಿಯ ಜಿಲ್ಲಾಧಿಕಾರಿಯ ಪಾತ್ರ. ಕಡತವೇ ಆಯುಧವಾಗಬಹುದಾಗಿದ್ದ ನಾಯಕನು ಅವನು. ಆದರೂ ಆ ಚಿತ್ರವು ಮುಷ್ಟಿಯುದ್ಧವನ್ನು ಬಿಡಲಾರದೆಹೋಗಿದೆ. ಓಲೆಯನ್ನೂ ಮುದ್ರೆಯನ್ನೂ ನೆಚ್ಚಿ ಗಣಿಯ ಕಥೆಯನ್ನು ಹೇಳಬಲ್ಲ ವಿಶಾಖದತ್ತನನ್ನು ಕನ್ನಡ ಚಲಚ್ಚಿತ್ರವು ಇನ್ನೂ ಎದುರುನೋಡುತ್ತಿದೆ.