ಹಳೆಯ ಕಂಪ್ಯೂಟರಿಗೆ ಯಾವ ಲಿನಕ್ಸ್? ‘ಹಗುರ’ ಎಂಬ ಅಳತೆಯ ವಿಮರ್ಶೆ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ರ್‍ಯಾಮ್, 64 ಗಿಗಾಬೈಟ್ ಸಂಗ್ರಹ ಸಾಮರ್ಥ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರುಗಳ ಪೈಕಿ ಎಂಟನೆಯ ಪೀಳಿಗೆಗಿಂತ ಹಿಂದಿನವು ಬಹುಮಟ್ಟಿಗೆ ಅದರ ಪಟ್ಟಿಯಲ್ಲಿಲ್ಲ. ಹೀಗಾಗಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಎಷ್ಟೋ ಕಂಪ್ಯೂಟರುಗಳು ಒಂದೇ ದಿನದಲ್ಲಿ ‘ಹಳೆಯವು’ ಎನ್ನಿಸಿಕೊಂಡವು.

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಕಾಡುಗೋಡಿ, ವೈಟ್‌ಫೀಲ್ಡ್‌ನಂತಹ ಕಡೆ ಇದು ಕಣ್ಣೆದುರಿನ ವಿಷಯ. ಟೆಕ್ ಪಾರ್ಕುಗಳ ಕಚೇರಿಗಳು ಬದಲಾಯಿಸುವ ಯಂತ್ರಗಳಲ್ಲಿ ಕೆಲವು ಗುಜರಿಗೆ ಹೋದರೆ, ಕೆಲವು ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೂ ಇನ್ನು ಕೆಲವು ದಾನವಾಗಿ ಶಾಲೆ, ಕಾಲೇಜುಗಳಿಗೂ ಬರುತ್ತವೆ. ಅವನ್ನು ಪಡೆದ ಶಿಕ್ಷಕರು ಕೇಳುವ ಪ್ರಶ್ನೆ ಒಂದೇ: ‘ಇದಕ್ಕೆ ಯಾವ ಹಗುರವಾದ ಲಿನಕ್ಸ್ ಹಾಕಲಿ?’ ಉತ್ತರವಾಗಿ ಸಿಗುವುದು ‘ಹತ್ತು ಅತಿ ಹಗುರ ಲಿನಕ್ಸ್‌ಗಳು’ ಎಂಬಂತಹ ಪಟ್ಟಿಗಳು. ಅವುಗಳಲ್ಲಿ ಅಂಕ ನೀಡುವ ಅಳತೆಗೋಲು ಸಾಮಾನ್ಯವಾಗಿ ಒಂದೇ. ಕಂಪ್ಯೂಟರ್ ಸುಮ್ಮನಿರುವಾಗ ವ್ಯವಸ್ಥೆ ಎಷ್ಟು ಮೆಗಾಬೈಟ್ ರ್‍ಯಾಮ್ ಬಳಸುತ್ತದೆ ಎಂಬುದು. ಈ ಅಳತೆಗೋಲು ಸರಿಯೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾವು ಅಳೆಯುತ್ತಿರುವುದು ಏನನ್ನು?

ಪ್ರಯೋಗಾಲಯದಲ್ಲಿ ಉಪಕರಣ ಕೈಗೆತ್ತಿಕೊಳ್ಳುವ ಮುನ್ನ ಅಳೆಯಬೇಕಾದ ಪರಿಮಾಣ ಯಾವುದೆಂದು ನಿರ್ಧರಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಇಲ್ಲಿಯೂ ಅದೇ ಮಾತು. ಸುಮ್ಮನಿರುವ ಕಂಪ್ಯೂಟರಿನ ರ್‍ಯಾಮ್ ಬಳಕೆಯನ್ನು ಅಳೆಯುವುದೆಂದರೆ ಖಾಲಿ ಬಸ್ಸನ್ನು ತೂಗಿ, ಅರವತ್ತು ಜನರನ್ನು ಹೊತ್ತು ಅದು ಘಾಟಿ ಹತ್ತುವುದೋ ಇಲ್ಲವೋ ಎಂದು ತೀರ್ಮಾನಿಸಿದಂತೆ. ಸರಳ ಪರದೆ ವ್ಯವಸ್ಥೆಗಳಾದ ಎಲ್‌ಎಕ್ಸ್‌ಕ್ಯೂಟಿ, ಎಕ್ಸ್‌ಎಫ್‌ಸಿಇಗಳಿಗೂ ಭಾರವೆನ್ನಿಸುವ ಗ್ನೋಮ್‌ಗೂ ಇರುವ ವ್ಯತ್ಯಾಸ ಕೆಲವು ನೂರು ಮೆಗಾಬೈಟ್. ಆದರೆ ಶಿಕ್ಷಕರು ವಿದ್ಯಾರ್ಥಿಗಳ ವಿವರ ತುಂಬಲು ಸ್ಯಾಟ್ಸ್ ಜಾಲತಾಣ ತೆರೆದು, ಪಕ್ಕದಲ್ಲಿ ಅಂಚೆ ಹಾಗೂ ಒಂದು ವೀಡಿಯೋ ಪಾಠವನ್ನು ತೆರೆದರೆ ಬ್ರೌಸರ್ ಒಂದೇ 1 ಗಿಗಾಬೈಟ್ ದಾಟಬಲ್ಲದು. ನಿಜವಾದ ಹೊರೆ ಇರುವುದು ಬ್ರೌಸರಿನಲ್ಲಿ. ಅದು ಎಲ್ಲ ಲಿನಕ್ಸ್‌ನಲ್ಲೂ ಹೆಚ್ಚುಕಡಿಮೆ ಒಂದೇ.

ಇನ್ನೊಂದು ಅಂಶವೂ ಇದೆ. ಲಿನಕ್ಸ್ ಖಾಲಿ ರ್‍ಯಾಮನ್ನು ವ್ಯರ್ಥವಾಗಿ ಬಿಡುವುದಿಲ್ಲ. ಇತ್ತೀಚೆಗೆ ಓದಿದ ಕಡತಗಳನ್ನು ಅದರಲ್ಲಿ ಇಟ್ಟುಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ಆದ್ದರಿಂದ ‘ಬಳಕೆಯಲ್ಲಿದೆ’ ಎಂದು ಕಾಣುವ ಸಂಖ್ಯೆಗಿಂತ ‘ಲಭ್ಯವಿದೆ’ ಎನ್ನುವ ಸಂಖ್ಯೆ ಹೆಚ್ಚು ಅರ್ಥಪೂರ್ಣ.

ನಿಧಾನಕ್ಕೆ ಕಾರಣ ಬೇರೆ

ಹಳೆಯ ಕಂಪ್ಯೂಟರ್ ತೆವಳುವುದಕ್ಕೆ ಬಹಳ ಸಲ ಕಾರಣ ಹಾರ್ಡ್‌ಡಿಸ್ಕ್. ಸರಳ ಲೆಕ್ಕ ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡ್ ಕಾಯಬೇಕು. ಓದುವ ತಲೆ ಸರಿಯಾದ ಪಥಕ್ಕೆ ಚಲಿಸಲು ಇನ್ನೂ ಸುಮಾರು 9 ಮಿಲಿಸೆಕೆಂಡ್ ಎನ್ನೋಣ. ಒಟ್ಟು 13 ಮಿಲಿಸೆಕೆಂಡ್ ಆಯಿತು. ಹೀಗೆ ಚದುರಿದ ಕಡತಗಳನ್ನು ಸೆಕೆಂಡಿಗೆ 75ರಷ್ಟು ಬಾರಿ ಮಾತ್ರ ಓದಲು ಸಾಧ್ಯ. ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ಸುಮಾರು 0.1 ಮಿಲಿಸೆಕೆಂಡ್ ಸಾಕು. ವ್ಯತ್ಯಾಸ ನೂರು ಪಟ್ಟಿಗೂ ಮಿಗಿಲು. ಯಾವ ಲಿನಕ್ಸ್ ಬದಲಾಯಿಸಿದರೂ ಇಷ್ಟು ಲಾಭವಿಲ್ಲ. ಆದ್ದರಿಂದ ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮೊದಲು ಚಿಕ್ಕದೊಂದು ಎಸ್‌ಎಸ್‌ಡಿ, ಬಳಿಕ ರ್‍ಯಾಮ್. ವಿತರಣೆಯ ಚರ್ಚೆ ಆಮೇಲೆ.

32 ಬಿಟ್‌ನ ದಾರಿ ಮುಚ್ಚುತ್ತಿದೆ

ಪಟ್ಟಿಗಳು ಅಡಿಟಿಪ್ಪಣಿಯಲ್ಲಿ ಹೇಳಿ ಮುಗಿಸುವ, ಆದರೆ ಮೊದಲೇ ಕೇಳಬೇಕಾದ ಪ್ರಶ್ನೆ ಪ್ರೊಸೆಸರ್ 32 ಬಿಟ್‌ನದೋ 64 ಬಿಟ್‌ನದೋ ಎಂಬುದು. 2006ರ ಕೋರ್ 2 ಡ್ಯುಯೋ 64 ಬಿಟ್‌ನದು. ಆದರೆ 2008ರ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270 32 ಬಿಟ್‌ನದು. ಆದ್ದರಿಂದ ತಯಾರಾದ ವರ್ಷವನ್ನು ನಂಬದೆ ಪ್ರೊಸೆಸರಿನ ಹೆಸರನ್ನೇ ನೋಡಬೇಕು.

ಲಿನಕ್ಸ್ ಲೋಕದಲ್ಲಿಯೂ 32 ಬಿಟ್‌ಗೆ ಬೆಂಬಲ ಕರಗುತ್ತಿದೆ. ಕ್ರೋಮ್ ಬ್ರೌಸರ್ 2016ರಲ್ಲೇ ಅದನ್ನು ಕೈಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಅನುಸ್ಥಾಪನಾ ಪ್ರತಿಯೇ ಇಲ್ಲ. ಫೈರ್‌ಫಾಕ್ಸ್‌ನ 144ನೇ ಆವೃತ್ತಿಯೇ 32 ಬಿಟ್ ಲಿನಕ್ಸ್‌ಗೆ ಕೊನೆಯದೆಂದು ಮೊಜಿಲ್ಲಾ ಅದೇ ವರ್ಷ ಪ್ರಕಟಿಸಿತು. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ. ಅಂದರೆ ಇಂತಹ ಯಂತ್ರಗಳಿಗೆ ಉಳಿದಿರುವುದು ಅಲ್ಪ ಆಯುಷ್ಯ. ಅಂತರಜಾಲಕ್ಕೆ ಜೋಡಿಸದೆ ಟೈಪಿಂಗ್ ಅಭ್ಯಾಸಕ್ಕೋ ಪ್ರೋಗ್ರಾಮಿಂಗ್ ಕಲಿಕೆಗೋ ಬಳಸುವುದು ಒಳಿತು.

ಕೆಲವು ವಿತರಣೆಗಳು

ಟೈನಿ ಕೋರ್: ಇದರ ಮೂಲ ಪ್ರತಿ ಸುಮಾರು 17 ಮೆಗಾಬೈಟ್. ಚಿಕ್ಕದರಲ್ಲಿ ಎಷ್ಟು ಮಾಡಬಹುದೆಂಬುದಕ್ಕೆ ಇದು ಸೊಗಸಾದ ನಿದರ್ಶನ. ಆದರೆ ಆ ಮೂಲ ಪ್ರತಿಯಲ್ಲಿ ಚಿತ್ರಾತ್ಮಕ ಪರದೆಯೂ ಇಲ್ಲ. ಎಲ್ಲವನ್ನೂ ನಾವೇ ಸೇರಿಸಿಕೊಳ್ಳಬೇಕು. ಕಾರ್ಯಾಚರಣ ವ್ಯವಸ್ಥೆಯ ಪಾಠಕ್ಕೆ ಒಳ್ಳೆಯದು, ದಿನದ ಕೆಲಸಕ್ಕಲ್ಲ.

ಪಪ್ಪಿ: 2003ರಲ್ಲಿ ಬ್ಯಾರಿ ಕೌಲರ್ ಆರಂಭಿಸಿದ ಇದು ಪೂರ್ತಿ ರ್‍ಯಾಮಿನಲ್ಲೇ ಓಡಬಲ್ಲದು. ಹಾಳಾದ ಕಂಪ್ಯೂಟರಿನಿಂದ ಕಡತ ಹೊರತೆಗೆಯಲು ಅತ್ಯುತ್ತಮ ಸಾಧನ. ಆದರೆ ಬಳಕೆದಾರ ಸಾಮಾನ್ಯವಾಗಿ ‘ರೂಟ್’ ಎಂಬ ಸರ್ವಾಧಿಕಾರದಿಂದಲೇ ಕೆಲಸ ಮಾಡುತ್ತಾನೆ. ನಲವತ್ತು ಮಕ್ಕಳು ಸರದಿಯಲ್ಲಿ ಕೂರುವ ಯಂತ್ರಕ್ಕೆ ಇದು ತಕ್ಕುದಲ್ಲ.

ಆಂಟಿಎಕ್ಸ್: ಡೆಬಿಯನ್ ಆಧಾರಿತ, ನಿಜಕ್ಕೂ ಮಿತವ್ಯಯಿ. ಇದರ 23ನೇ ಆವೃತ್ತಿಗೆ 32 ಬಿಟ್ ಪ್ರತಿಯೂ ಇದೆ. ಆದರೆ ಇದರ ಪರದೆಯ ಕ್ರಮ ಹೊಸಬರಿಗೆ ಗೊಂದಲ ತರುತ್ತದೆ. 1 ಗಿಗಾಬೈಟ್‌ನ ಯಂತ್ರಕ್ಕೆ ಕೊನೆಯ ಆಸರೆ.

ಲುಬುಂಟು, ಜುಬುಂಟು: ಬಳಸಲು ಸುಲಭ. ಆದರೆ ಇವುಗಳ 24.04 ಆವೃತ್ತಿಗೆ ಬೆಂಬಲ ಮೂರೇ ವರ್ಷ, 2027ರ ಏಪ್ರಿಲ್‌ವರೆಗೆ.

ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ: ಹಗುರ ಪಟ್ಟಿಗಳಲ್ಲಿ ಇದಕ್ಕೆ ಮೇಲಿನ ಸ್ಥಾನ ಸಿಗುವುದಿಲ್ಲ. ಕನಿಷ್ಠ 2, ಮೇಲಾಗಿ 4 ಗಿಗಾಬೈಟ್ ರ್‍ಯಾಮ್ ಕೇಳುತ್ತದೆ. ಆದರೆ 22ನೇ ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳಿವೆ. ವಿಂಡೋಸ್ ಬಳಸಿದವರಿಗೆ ಮೊದಲ ದಿನವೇ ಕೈಗೆ ಒಗ್ಗುತ್ತದೆ.

ಕನ್ನಡದ ಪರೀಕ್ಷೆ

ನಮ್ಮ ಶಾಲೆಗಳಿಗೆ ಮುಖ್ಯವಾದ ಇನ್ನೊಂದು ಪರೀಕ್ಷೆ ಆ ಪಟ್ಟಿಗಳಲ್ಲಿ ಇರುವುದೇ ಇಲ್ಲ. ಒತ್ತಕ್ಷರ ಸರಿಯಾಗಿ ಮೂಡುವುದೇ? ಕನ್ನಡದಲ್ಲಿ ಬೆರಳಚ್ಚು ಮಾಡಬಹುದೇ? ಡೆಬಿಯನ್ ಭಂಡಾರದಲ್ಲಿ ಲೋಹಿತ್, ಗುಬ್ಬಿ, ನವಿಲು ಅಕ್ಷರ ವಿನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ಕೀಲಿಮಣೆಯ ಆಯ್ಕೆಗಳಲ್ಲಿ ಕನ್ನಡ ಕಗಪ ವಿನ್ಯಾಸವೂ ಇದೆ. ಅದಕ್ಕೆ ಬೇರೆ ತಂತ್ರಾಂಶದ ಹೊರೆ ಬೇಡ. ಡೆಬಿಯನ್, ಉಬುಂಟು, ಮಿಂಟ್ ಕುಟುಂಬದಲ್ಲಿ ಇದೆಲ್ಲ ಕೆಲವೇ ನಿಮಿಷದ ಕೆಲಸ. ‘ಕ್ಷ’, ‘ಸ್ತ್ರೀ’, ‘ರಾಷ್ಟ್ರ’ ಎಂಬ ಪದಗಳನ್ನು ಬರೆದು ಮುದ್ರಿಸಿ ನೋಡುವುದು ಉತ್ತಮ ಪರೀಕ್ಷೆ. ಕನ್ನಡ ಬರೆಯಲಾಗದ ಗಣಕ ಎಷ್ಟು ಹಗುರವಿದ್ದರೇನು? ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಅದರಿಂದ ಪ್ರಯೋಜನ ಕಡಿಮೆ.

ಕಾಸರಗೋಡಿನಿಂದ ಕಲಿಯಬಹುದಾದದ್ದು

ಈ ವಿಷಯದಲ್ಲಿ ಗಡಿಯಾಚೆಯ ಅನುಭವ ಗಮನಾರ್ಹ. ಕೇರಳದ ಶಾಲೆಗಳಿಗಾಗಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಅದು 2019ರಲ್ಲಿ ಉಬುಂಟು 18.04ನ್ನು ಆಧರಿಸಿದ ತನ್ನದೇ ವಿತರಣೆಯನ್ನು ಶಾಲೆಗಳಿಗೆ ಒದಗಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯ ಭಾಗ. ಅಲ್ಲಿ ಆರಿಸಿಕೊಂಡದ್ದು ಅತಿ ಹಗುರವಾದುದನ್ನಲ್ಲ. ಎಲ್ಲ ಶಾಲೆಗಳಿಗೂ ಒಂದೇ ವ್ಯವಸ್ಥೆ, ಅದಕ್ಕೆ ತಕ್ಕ ಪಠ್ಯ, ಶಿಕ್ಷಕರಿಗೆ ತರಬೇತಿ ಇವು ಒಟ್ಟಿಗೆ ಸಾಗಿದವು. ಒಂದು ಶಾಲೆಯಲ್ಲಿ ಎದುರಾದ ತೊಂದರೆಗೆ ಪಕ್ಕದ ಶಾಲೆಯ ಶಿಕ್ಷಕರಲ್ಲಿ ಪರಿಹಾರ ಸಿಗುವುದು ಇಂತಹ ಏಕರೂಪತೆಯಿಂದ. ಒಂದೇ ಪ್ರಯೋಗಾಲಯದ ಹತ್ತು ಕಂಪ್ಯೂಟರಿಗೆ ಐದು ಬಗೆಯ ಲಿನಕ್ಸ್ ಹಾಕಿದರೆ, ಹಾಕಿದವರು ವರ್ಗವಾಗಿ ಹೋದ ಮರುದಿನ ಆ ಕೋಣೆಗೆ ಬೀಗ ಬೀಳುತ್ತದೆ.

ಹಾಗಾದರೆ ಆಯ್ಕೆ ಹೇಗೆ?

ಪ್ರಶ್ನೆಗಳ ಕ್ರಮ ಹೀಗಿರಲಿ: ಪ್ರೊಸೆಸರ್ 64 ಬಿಟ್‌ನದೇ? ಭದ್ರತಾ ಬೆಂಬಲ ಎಂದಿನವರೆಗೆ? ಕನ್ನಡ ಸರಿಯಾಗಿದೆಯೇ? ತೊಂದರೆಯಾದರೆ ಕೇಳಲು ಹತ್ತಿರದಲ್ಲಿ ಯಾರಿದ್ದಾರೆ? ರ್‍ಯಾಮ್ ಬಳಕೆಯ ಪ್ರಶ್ನೆ ಕೊನೆಯದು. 64 ಬಿಟ್‌ನ, 4 ಗಿಗಾಬೈಟ್ ರ್‍ಯಾಮ್ ಇರುವ ಯಂತ್ರಕ್ಕೆ ಮಿಂಟ್ ಎಕ್ಸ್‌ಎಫ್‌ಸಿಇ ಸೂಕ್ತ. 2 ಗಿಗಾಬೈಟ್ ಮಾತ್ರ ಇದ್ದರೆ ಡೆಬಿಯನ್ 13ನ್ನು ಎಲ್‌ಎಕ್ಸ್‌ಕ್ಯೂಟಿ ಪರದೆಯೊಂದಿಗೆ ಹಾಕಿ, ರ್‍ಯಾಮಿನೊಳಗಿನ ಮಾಹಿತಿಯನ್ನೇ ಕುಗ್ಗಿಸಿಡುವ ‘ಜೆಡ್‌ರ್‍ಯಾಮ್’ ಸೌಲಭ್ಯವನ್ನು ಚಾಲೂ ಮಾಡಬಹುದು. ಏನೇ ಹಾಕುವುದಿದ್ದರೂ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ವೈಫೈ, ಧ್ವನಿ, ಪ್ರೊಜೆಕ್ಟರ್, ಪ್ರಿಂಟರ್ ಪರೀಕ್ಷಿಸಿ.

ಎಲ್ಲ ಹಳೆಯ ಯಂತ್ರವನ್ನೂ ಉಳಿಸಲೇಬೇಕೆಂಬ ಹಟವೂ ಸಲ್ಲದು. ಪ್ರೆಸ್ಕಾಟ್ ಮಾದರಿಯ ಪೆಂಟಿಯಂ 4 ಪ್ರೊಸೆಸರುಗಳ ಉಷ್ಣ ವಿನ್ಯಾಸದ ಮಿತಿ ಬಹುಮಟ್ಟಿಗೆ 84ರಿಂದ 115 ವ್ಯಾಟ್. 2013ರ ನಂತರದ ಅನೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಅದು 15 ವ್ಯಾಟ್. ಕಡಿಮೆ ಕೆಲಸಕ್ಕೆ ಹೆಚ್ಚು ವಿದ್ಯುತ್ ಬೇಡುವ ಅಂತಹ ಯಂತ್ರವನ್ನು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಒಪ್ಪಿಸುವುದೇ ಸರಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಇದೇ. ದಾನ ಪಡೆಯುವ ಶಾಲೆಗಳು ‘ಎಷ್ಟು ಕಂಪ್ಯೂಟರ್?’ ಎಂದು ಕೇಳುವುದರ ಜೊತೆಗೆ ‘ಯಾವ ಪ್ರೊಸೆಸರ್, ಎಷ್ಟು ರ್‍ಯಾಮ್, ಯಾವ ಡಿಸ್ಕ್?’ ಎಂದೂ ಕೇಳುವುದನ್ನು ರೂಢಿಸಿಕೊಳ್ಳಬೇಕು. ಉತ್ತರ ಸಿಕ್ಕ ಬಳಿಕ ಲಿನಕ್ಸ್‌ನ ಆಯ್ಕೆ ಅಷ್ಟೇನೂ ಕಷ್ಟವಲ್ಲ.